ಟೆಲಿಸ್ಕೋಪ್ ಕೊಳ್ಳುವ ಮುಂಚೆ ಅದರ ಕಾಲು ನೋಡಿ

ನಾನು ಕೊಂಡ ಮೊದಲ ಟೆಲಿಸ್ಕೋಪಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 525× ಎಂದು ಬರೆದಿತ್ತು. ಪಕ್ಕದಲ್ಲೇ ಶನಿಯ ಬಣ್ಣದ ಫೋಟೋ. ಆನ್‌ಲೈನ್‌ನಲ್ಲಿ ಆಫರ್ ಇತ್ತು, ಹಿಂದೆಮುಂದೆ ನೋಡದೆ ತರಿಸಿದೆ. ಸಂಜೆ ರಾಜಾಜಿನಗರದ ನಮ್ಮ ಟೆರೇಸಿನಲ್ಲಿ, ನೀರಿನ ಟ್ಯಾಂಕಿನ ಪಕ್ಕ ನಿಲ್ಲಿಸಿ ಚಂದ್ರನ ಕಡೆ ತಿರುಗಿಸಿದೆ. ಚಂದ್ರ ಕಂಡಿದ್ದು ನಿಜ. ಆದರೆ ಫೋಕಸ್ ಮಾಡೋಣ ಎಂದು ತಿರುಪಿಗೆ ಬೆರಳು ತಾಗಿಸಿದ್ದೇ ತಡ, ಜಾತ್ರೆಯ ತೇರಿನ ಹಾಗೆ ಓಲಾಡಲು ಶುರು ಮಾಡಿದ. ಕೈ ತೆಗೆದು ಐದಾರು ಸೆಕೆಂಡು ಉಸಿರು ಬಿಗಿಹಿಡಿದು ಕಾದರೆ ನಿಲ್ಲುತ್ತಿದ್ದ. ನಿಂತಾಗ ಫೋಕಸ್ ಸರಿಯಿಲ್ಲ, ಮತ್ತೆ ಮುಟ್ಟಿದರೆ ಮತ್ತೆ ತೇರು. ಒಂದು ವಾರ ಒದ್ದಾಡಿ ಅಟ್ಟಕ್ಕೆ ಹಾಕಿದೆ.

ಎಷ್ಟೋ ದಿನದ ಮೇಲೆ ಅದೇ ಕೊಳವೆಯನ್ನು ಗೆಳೆಯನೊಬ್ಬನ ಭಾರದ ಕ್ಯಾಮೆರಾ ಟ್ರೈಪಾಡಿಗೆ ಬಿಗಿದು ನೋಡಿದೆವು. ಆಗ ಗೊತ್ತಾಯಿತು. 70 ಮಿಮೀ ಲೆನ್ಸ್ ಅಷ್ಟೇನೂ ಕೆಟ್ಟದಿರಲಿಲ್ಲ. ಅದರ ಕಾಲು ಕೆಟ್ಟದಿತ್ತು, ಅಷ್ಟೇ.

ಹಾಗಾಗಿ ಈಗ ಯಾರಾದರೂ "ಯಾವ ಟೆಲಿಸ್ಕೋಪ್ ತಗೊಳ್ಳಲಿ" ಎಂದು ಕೇಳಿದರೆ ನಾನು ಎರಡು ಪ್ರಶ್ನೆ ವಾಪಸ್ ಕೇಳುತ್ತೇನೆ. ಎಲ್ಲಿ ನಿಲ್ಲಿಸುತ್ತೀರಿ? ಯಾವುದರ ಮೇಲೆ ನಿಲ್ಲಿಸುತ್ತೀರಿ? ಕೊಳವೆಯ ಮಾತು ಆಮೇಲೆ.

ಮೊದಲು ಬೈನಾಕ್ಯುಲರ್

ಇದನ್ನು ಹೇಳಿದರೆ ಎಲ್ಲರ ಮುಖ ಸ್ವಲ್ಪ ಬಾಡುತ್ತದೆ. ಟೆಲಿಸ್ಕೋಪ್ ಕೇಳಿದರೆ ಬೈನಾಕ್ಯುಲರ್ ತೋರಿಸ್ತಾನಲ್ಲ ಅಂತ. ಆದರೆ ಆಕಾಶದಲ್ಲಿ ಯಾವುದು ಎಲ್ಲಿದೆ ಎಂದು ಗೊತ್ತಿಲ್ಲದವರಿಗೆ ಟೆಲಿಸ್ಕೋಪ್ ಎಂದರೆ ಹೊಸ ಊರಿನಲ್ಲಿ ಬೀಗದ ತೂತಿನಿಂದ ಬೀದಿ ಹುಡುಕಿದ ಹಾಗೆ. ಬೈನಾಕ್ಯುಲರ್‌ನಲ್ಲಿ ಅಗಲವಾಗಿ ಕಾಣುತ್ತದೆ, ನೇರವಾಗಿ ಕಾಣುತ್ತದೆ, ಎರಡೂ ಕಣ್ಣಿಗೆ ಕೆಲಸ ಇರುತ್ತದೆ.

10×50 ಎಂದರೆ ಹತ್ತು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಲೆನ್ಸಿನ ಅಗಲ 50 ಮಿಮೀ. 50ನ್ನು 10ರಿಂದ ಭಾಗಿಸಿ, 5 ಬರುತ್ತದೆ. ಹಿಂದಿನಿಂದ ಹೊರಗೆ ಬರುವ ಬೆಳಕಿನ ಕೋಲಿನ ದಪ್ಪ ಅಷ್ಟು ಮಿಲಿಮೀಟರ್. ಚಿಕ್ಕ ವಯಸ್ಸಿನವರ ಕಣ್ಣಿನ ಪಾಪೆ ಕತ್ತಲಲ್ಲಿ ಸುಮಾರು 7 ಮಿಮೀವರೆಗೆ ಹಿಗ್ಗುತ್ತದೆ, ಐವತ್ತು ದಾಟಿದವರದ್ದು ಸಾಮಾನ್ಯವಾಗಿ 5ರ ಆಸುಪಾಸು. ಅದಕ್ಕೇ ಅಪ್ಪನಿಗೆ 7×50 ಕೊಡಿಸಿದರೆ ಒಂದಷ್ಟು ಬೆಳಕು ಕಣ್ಣಿನೊಳಕ್ಕೆ ಹೋಗದೆ ಸುಮ್ನೆ ಹಾಳು. ನನ್ನ ಆಯ್ಕೆ 10×50, ಕೈ ನಡುಗುವವರಿಗೆ 8×42. ಹತ್ತಕ್ಕಿಂತ ಜಾಸ್ತಿ ಪಟ್ಟು ಕೈಯಲ್ಲಿ ಹಿಡಿದು ನೋಡಲು ಆಗುವುದಿಲ್ಲ, 15×70ಕ್ಕೆ ಟ್ರೈಪಾಡ್ ಬೇಕೇ ಬೇಕು. ಝೂಮ್ ಇರುವುದನ್ನು, ಲೆನ್ಸ್ ಕೆಂಪಗೆ ಮಾಣಿಕ್ಯದ ಹಾಗೆ ಹೊಳೆಯುವುದನ್ನು ಮುಟ್ಟಬೇಡಿ.

ಅಂಗಡಿಯಲ್ಲೇ ಕೊಳ್ಳುವುದಾದರೆ ಹೊರಗೆ ಬಂದು ದೂರದ ಬೋರ್ಡಿನ ಅಕ್ಷರ ಓದಿ. ಎರಡೆರಡಾಗಿ ಕಂಡರೆ, ಅಥವಾ ಎರಡು ನಿಮಿಷಕ್ಕೇ ಹಣೆ ನೋವು ಶುರುವಾದರೆ, ಒಳಗಿನ ಗಾಜು ಸರಿದಿದೆ ಎಂದು ಅರ್ಥ. ಬೇರೆ ಪೀಸ್ ಕೇಳಿ. ಕನ್ನಡಕ ಹಾಕುವವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ.

ಮನೆಗೆ ತಂದ ಮೇಲೆ ನಿಂತುಕೊಂಡು ನೋಡಬೇಡಿ. ಟೆರೇಸಿನ ಮೋಟುಗೋಡೆಗೆ ಮೊಣಕೈ ಊರಿ, ಇಲ್ಲವೇ ಆರಾಮ್ ಕುರ್ಚಿಯಲ್ಲಿ ಒರಗಿ. ಅಷ್ಟು ಮಾಡಿದರೆ ಗುರುವಿನ ನಾಲ್ಕು ದೊಡ್ಡ ಚಂದ್ರರಲ್ಲಿ ಎರಡು ಮೂರಾದರೂ ಕಾಣುತ್ತವೆ. ಕೃತ್ತಿಕೆಯಲ್ಲಿ ಬರಿಗಣ್ಣಿಗೆ ಆರು ಎಣಿಸುತ್ತೇವಲ್ಲ, ಅಲ್ಲಿ ಡಜನ್‌ಗಟ್ಟಲೆ ಸಿಗುತ್ತವೆ. ರೋಹಿಣಿಯ ಸುತ್ತಲಿನ ಗುಂಪು, ಮಹಾವ್ಯಾಧನ (ಓರಿಯನ್) ಕತ್ತಿಯಲ್ಲಿನ ಮಸುಕು, ಊರಿನ ಕತ್ತಲಿದ್ದರೆ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿ. 25 ಲಕ್ಷ ಜ್ಯೋತಿರ್ವರ್ಷ ದೂರದ ಅದು ಒಂದು ಬೂದಿ ಬಣ್ಣದ ಗೀರಿನ ಹಾಗೆ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಬಂದ ಧೂಮಕೇತು ನೆನಪಿರಬಹುದು, ಬೆಳಗಿನ ಜಾವ ದಿಗಂತದ ಹತ್ತಿರ ಇತ್ತು. ಆಗ ದೊಡ್ಡ ಟೆಲಿಸ್ಕೋಪಿಗಿಂತ ಬೈನಾಕ್ಯುಲರೇ ನನಗೆ ಕೆಲಸಕ್ಕೆ ಬಂದಿದ್ದು. ಒಂದೇ ಬೇಜಾರು, ಶನಿಯ ಉಂಗುರ ಇದರಲ್ಲಿ ಬಿಡಿಯಾಗಿ ಕಾಣುವುದಿಲ್ಲ. ಅದಕ್ಕೆ ಕನಿಷ್ಠ 25 ಪಟ್ಟು ಬೇಕು.

ಇನ್ನು ಕೊಳವೆ

ಟೆಲಿಸ್ಕೋಪಿನಲ್ಲಿ ನೋಡಬೇಕಾದ ಮೊದಲ ಅಂಕಿ ಅಗಲ, ಅಂದರೆ ಮುಂದಿನ ಲೆನ್ಸ್ ಅಥವಾ ತಳದ ಕನ್ನಡಿ ಎಷ್ಟು ದೊಡ್ಡದು ಎಂಬುದು. ಪಟ್ಟು ಅಲ್ಲ. ಪಟ್ಟು ಬದಲಾಯಿಸುವುದು ಐಪೀಸ್, ಅಂದರೆ ಕಣ್ಣಿಡುವ ಕಡೆಯ ಪುಟ್ಟ ಲೆನ್ಸ್. ಅದಕ್ಕೆ ಲೆಕ್ಕ ಸುಲಭ: ಕೊಳವೆಯ ಫೋಕಲ್ ಲೆಂತನ್ನು (ಬೆಳಕು ಒಂದೆಡೆ ಸೇರುವ ದೂರ) ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿ. 1200 ಮಿಮೀ ಕೊಳವೆಗೆ 25 ಮಿಮೀ ಐಪೀಸ್ ಹಾಕಿದರೆ 48 ಪಟ್ಟು, 10 ಮಿಮೀ ಹಾಕಿದರೆ 120. ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟು, ಅದೇ ಮಿತಿ. 70 ಮಿಮೀಗೆ 140 ಆಯಿತು. ನನ್ನ ಡಬ್ಬದ 525ರ ಕಥೆ ಈಗ ಅರ್ಥವಾಯಿತಲ್ವಾ? ದೊಡ್ಡ ಟೆಲಿಸ್ಕೋಪ್ ಇದ್ದರೂ ನಮ್ಮ ಗಾಳಿಯ ಅಲುಗಾಟದಲ್ಲಿ 200 ಪಟ್ಟು ದಾಟುವ ರಾತ್ರಿಗಳು ಕಡಿಮೆ.

ಇನ್ನೊಂದು ಮೋಸ ಇದೆ, ಇದು ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಪಕ್ಕದಿಂದ ಕಣ್ಣಿಟ್ಟು ನೋಡುವ ಕನ್ನಡಿ ಟೆಲಿಸ್ಕೋಪುಗಳಲ್ಲಿ ಕೊಳವೆಯ ಉದ್ದ ಹೆಚ್ಚುಕಡಿಮೆ ಫೋಕಲ್ ಲೆಂತಿನಷ್ಟೇ ಇರಬೇಕು. 114 ಮಿಮೀ ಅಗಲ, 1000 ಮಿಮೀ ಫೋಕಲ್ ಲೆಂತ್ ಎಂದು ಬರೆದಿರುತ್ತದೆ, ನೋಡಿದರೆ ಕೊಳವೆ ಅರ್ಧ ಮೀಟರ್ ಕೂಡ ಇರುವುದಿಲ್ಲ. ಅಂದರೆ ಅಗ್ಗದ ಗೋಳಾಕಾರದ ಕನ್ನಡಿ ಹಾಕಿ, ಅದರ ತಪ್ಪು ಮುಚ್ಚಲು ಫೋಕಸರಿನ ಒಳಗೆ ಒಂದು ಲೆನ್ಸ್ ಕೂರಿಸಿದ್ದಾರೆ. ಇದಕ್ಕೆ ಬರ್ಡ್-ಜೋನ್ಸ್ ಮಾದರಿ ಎನ್ನುತ್ತಾರೆ. ಅಗ್ಗದವುಗಳಲ್ಲಿ ಚಿತ್ರ ಎಂದೂ ಚೂಪಾಗುವುದಿಲ್ಲ, ಕಾಲಿಮೇಷನ್ (ಕನ್ನಡಿಗಳನ್ನು ಒಂದೇ ಸಾಲಿಗೆ ತರುವುದು) ಮಾಡುವುದಂತೂ ತಲೆನೋವು. ಹಿಂದಿನಿಂದ ನೋಡುವ ಮಾಕ್ಸುಟೋವ್, ಶ್ಮಿಟ್-ಕ್ಯಾಸಿಗ್ರೇನ್ ಮಾದರಿಗಳು ಗಿಡ್ಡ ಇರುವುದು ಸಹಜ, ಅವಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ಕಣ್ಣಿಂದ ನೋಡುವುದಕ್ಕಾದರೆ ನನ್ನ ಉತ್ತರ ಒಂದೇ, ಡಾಬ್ಸೋನಿಯನ್. ಜಾನ್ ಡಾಬ್ಸನ್ ಎಂಬ ಅಮೆರಿಕದವರು ಬೀದಿಯಲ್ಲಿ ಹೋಗುವವರಿಗೆಲ್ಲ ಆಕಾಶ ತೋರಿಸಬೇಕೆಂದು ಜನಪ್ರಿಯ ಮಾಡಿದ ಮಾದರಿ ಇದು. ಕೊಳವೆಗೆ ಅದೇ ಹಳೆಯ ನ್ಯೂಟನ್ ಕಾಲದ ವಿನ್ಯಾಸ, ಜಾಣತನ ಇರುವುದೆಲ್ಲ ಸ್ಟ್ಯಾಂಡಿನಲ್ಲಿ. ಮೂರು ಕಡ್ಡಿಯ ಕಾಲಿನ ಬದಲು ಹಲಗೆಯ ಒಂದು ಪೆಟ್ಟಿಗೆ, ಅದು ನೆಲದ ಮೇಲೆ ಬೀಸುವ ಕಲ್ಲಿನ ಹಾಗೆ ತಿರುಗುತ್ತದೆ, ಕೊಳವೆ ಹಳೆಯ ಫಿರಂಗಿಯ ಹಾಗೆ ಏರುತ್ತದೆ ಇಳಿಯುತ್ತದೆ. ಅಲುಗಾಟವಿಲ್ಲ. ಕೊಟ್ಟ ದುಡ್ಡಿನ ಬಹುಪಾಲು ಕನ್ನಡಿಗೆ ಹೋಗುತ್ತದೆ. 6 ಇಂಚಿನದ್ದು ಒಂದು ಒಳ್ಳೆಯ ಸ್ಮಾರ್ಟ್‌ಫೋನಿನ ಬೆಲೆಗೆ ಸಿಗುತ್ತದೆ, 8 ಇಂಚಿನದ್ದಕ್ಕೆ ಇನ್ನೊಂದಿಷ್ಟು ಸೇರಿಸಬೇಕು.

8 ಇಂಚಿನ ಕನ್ನಡಿ ನಮ್ಮ ಕಣ್ಣಿನ ಪಾಪೆಗಿಂತ ಎಂಟುನೂರು ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತದೆ. ಆದರೆ ಒಟ್ಟು ತೂಕ ಸುಮಾರು 25 ಕೆಜಿ. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿದ್ದೀರಾ? ಒಂದು ಅಕ್ಕಿ ಮೂಟೆಯನ್ನು ಪ್ರತಿ ರಾತ್ರಿ ಟೆರೇಸಿಗೆ ಹತ್ತಿಸಿ ಇಳಿಸುವುದನ್ನು ನೆನೆಸಿಕೊಳ್ಳಿ. ನೆನೆಸಿಕೊಂಡೇ ಸುಸ್ತಾದರೆ 6 ಇಂಚು ಸಾಕು. ಶನಿಯ ಉಂಗುರ, ಗುರುವಿನ ಪಟ್ಟೆಗಳು, ಚಂದ್ರನ ಕುಳಿಗಳೊಳಗಿನ ಪುಟ್ಟ ಕುಳಿಗಳು, ಎಲ್ಲಾ ಅದರಲ್ಲಿ ಸಿಗುತ್ತವೆ. ಮದುವೆಯಲ್ಲಿ ಪುರೋಹಿತರು ಹಗಲಲ್ಲೇ ಅರುಂಧತಿ ನಕ್ಷತ್ರ ತೋರಿಸುತ್ತಾರಲ್ಲ, ಅದನ್ನು ನಿಜವಾಗಿ ಒಮ್ಮೆ 48 ಪಟ್ಟಿನಲ್ಲಿ ನೋಡಿ. ಪಕ್ಕದ ವಸಿಷ್ಠನೇ ಎರಡು ನಕ್ಷತ್ರವಾಗಿ ಒಡೆದು ನಿಂತಿರುತ್ತಾನೆ. ಇದನ್ನು ನಮ್ಮ ಚಿಕ್ಕಮ್ಮನಿಗೆ ತೋರಿಸಿದರೆ, "ಹಾಗಾದ್ರೆ ಅರುಂಧತಿ ಕಥೆ ಏನೋ?" ಎಂದು ಕೇಳಿಬಿಟ್ಟರು.

ಕೊಳ್ಳುವ ಮೊದಲು ಬೇರೆಯವರದ್ದರಲ್ಲಿ ಕಣ್ಣಿಟ್ಟು ನೋಡುವುದು ಎಲ್ಲಕ್ಕಿಂತ ಒಳ್ಳೆಯದು. ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘಗಳಿವೆ, ಊರಾಚೆ ರಾತ್ರಿ ಸೇರುತ್ತಾರೆ. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳದ ತಾರಾಲಯಗಳಲ್ಲಿ ವಿಚಾರಿಸಿದರೂ ಸುಳಿವು ಸಿಗುತ್ತದೆ. ಫೋಟೋ ನೋಡಿ ಬಣ್ಣದ ಆಸೆ ಇಟ್ಟುಕೊಂಡವರಂತೂ ಮೊದಲು ಹೋಗಿ ನೋಡಲೇಬೇಕು. ಕಣ್ಣಿಗೆ ನೆಬ್ಯುಲಾಗಳು (ಅನಿಲ, ಧೂಳಿನ ಮೋಡಗಳು) ಹೆಚ್ಚಾಗಿ ಬೂದಿ ಬಣ್ಣದಲ್ಲೇ ಕಾಣುವುದು, ಎಷ್ಟು ದುಡ್ಡು ಸುರಿದರೂ ಅಷ್ಟೇ.

ಟೆರೇಸಿನಲ್ಲಿ

ಫೈಂಡರನ್ನು, ಅಂದರೆ ಗುರಿಯಿಡಲು ಕೊಳವೆಯ ಮೇಲಿರುವ ಪುಟ್ಟ ಸಾಧನವನ್ನು, ಹಗಲಲ್ಲೇ ಸರಿಮಾಡಿಕೊಳ್ಳಿ. ದೂರದ ಮೊಬೈಲ್ ಟವರಿನ ತುದಿಯನ್ನು ಟೆಲಿಸ್ಕೋಪಿನ ನಡುವಿಗೆ ತಂದು, ಆಮೇಲೆ ಫೈಂಡರಿನ ತಿರುಪು ತಿರುಗಿಸಿ ಕೆಂಪು ಚುಕ್ಕೆ ಅದೇ ತುದಿಯ ಮೇಲೆ ಕೂರುವಂತೆ ಮಾಡಿ. ರಾತ್ರಿ "ಏನೂ ಕಾಣಿಸ್ತಿಲ್ಲ" ಎನ್ನುವ ಹತ್ತರಲ್ಲಿ ಎಂಟು ದೂರು ಇದೊಂದನ್ನು ಮಾಡದೇ ಇರುವುದರಿಂದ. ಸೂರ್ಯ ಇರುವ ಕಡೆ ಮಾತ್ರ ತಿರುಗಿಸಬೇಡಿ.

ಕನ್ನಡಿಗೆ ಹೊರಗಿನ ಗಾಳಿ ಒಗ್ಗಲು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಮನೆಯೊಳಗಿನಿಂದ ತಂದ ಕೂಡಲೇ ನೋಡಿದರೆ ಗುರುಗ್ರಹ ಕುದಿಯುವ ಸಾರಿನಲ್ಲಿ ತೇಲುವ ಕಾಳಿನ ಹಾಗೆ ಕಾಣುತ್ತದೆ. ಟೆರೇಸಿನ ಕಾಂಕ್ರೀಟೂ ಹಾಗೆಯೇ, ಹಗಲೆಲ್ಲ ಕಾದು ರಾತ್ರಿ ಹತ್ತರವರೆಗೂ ಬಿಸಿ ಉಗುಳುತ್ತದೆ. ಅದಕ್ಕೇ ಗ್ರಹಗಳನ್ನು ನಾನು ನೋಡುವುದು ಊಟ ಆದಮೇಲೆ, ಅವು ನೆತ್ತಿಯ ಕಡೆ ಏರಿದಾಗ. ಚಂದ್ರನನ್ನು ಹುಣ್ಣಿಮೆಯಲ್ಲಿ ನೋಡಬೇಡಿ, ಟಾರ್ಚ್ ಬಿಟ್ಟ ಗೋಡೆಯ ಹಾಗಿರುತ್ತದೆ. ಶುಕ್ಲಪಕ್ಷದ ಅಷ್ಟಮಿಯ ಹಿಂದೆಮುಂದೆ ನೋಡಿ, ಬೆಳಕು ಕತ್ತಲು ಸೇರುವ ಗೆರೆಯಲ್ಲಿ ಬೆಟ್ಟಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ.

120 ಪಟ್ಟಿನಲ್ಲಿ ಗ್ರಹ ಎರಡು ನಿಮಿಷದೊಳಗೆ ನೋಟದಿಂದ ಜಾರುತ್ತದೆ, ಭೂಮಿ ತಿರುಗುತ್ತಿದೆಯಲ್ಲ. ಕೊಳವೆಯನ್ನು ಸ್ವಲ್ಪ ಮುಂದಕ್ಕೆ ದೂಡಿ, ಗ್ರಹ ತಾನಾಗೇ ನಡುವಿಗೆ ಬರಲು ಬಿಡಿ. ಮಸುಕಾದ್ದನ್ನು ನೋಡುವಾಗ ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಿ, ಕಣ್ಣಿನ ಅಂಚಿಗೆ ಕತ್ತಲಲ್ಲಿ ಶಕ್ತಿ ಜಾಸ್ತಿ. ಕಣ್ಣು ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಒಂದು ವಾಟ್ಸಾಪ್ ಮೆಸೇಜ್ ನೋಡಿದರೆ ಮತ್ತೆ ಮೊದಲಿಂದ. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿಕೊಳ್ಳಿ. ಅಕ್ಕಪಕ್ಕದ ಮನೆಯವರಿಗೆ ಮೊದಲೇ ಹೇಳಿಬಿಡಿ, ಸಾಧ್ಯವಾದರೆ ಕರೆದು ಶನಿ ತೋರಿಸಿಬಿಡಿ. ಟೆರೇಸಿನಲ್ಲಿ ರಾತ್ರಿ ಹನ್ನೊಂದಕ್ಕೆ ಕೊಳವೆ ಹಿಡಿದು ನಿಂತವನನ್ನು ಜನ ಏನೇನೋ ತಿಳಿಯುತ್ತಾರೆ, ನನಗೆ ಅನುಭವವಿದೆ.

ಸೂರ್ಯನ ವಿಷಯದಲ್ಲಿ ತಮಾಷೆ ಇಲ್ಲ. ಫಿಲ್ಟರ್ ಇರಬೇಕಾದ್ದು ಕೊಳವೆಯ ಮುಂದಿನ ಬಾಯಿಗೆ, ಪೂರ್ತಿ ಮುಚ್ಚುವಂತೆ, ಗಾಳಿಗೆ ಹಾರದಂತೆ ಟೇಪು ಹಾಕಿ. ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಪುಟ್ಟ ಕಪ್ಪು ಗಾಜು ಕೊಡುತ್ತಾರೆ, ಅದನ್ನು ಇವತ್ತೇ ಕಸಕ್ಕೆ ಹಾಕಿ. ಎಲ್ಲಾ ಬಿಸಿಲೂ ಸೇರುವ ಜಾಗದಲ್ಲಿ ಕೂರುವ ಗಾಜು ಅದು, ಸಿಡಿದರೆ ಕಣ್ಣು ಹೋಗುತ್ತದೆ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೋಡಲು ಕೊಡಗಿನ ಕುಟ್ಟಕ್ಕೆ ಹೋದಾಗ ನಾನು ಬಳಸಿದ್ದು ಸೂರ್ಯನಿಗೆಂದೇ ಮಾಡಿದ ಬೆಳ್ಳಿ ಬಣ್ಣದ ಹಾಳೆ. ಹಾಕುವ ಮೊದಲು ಪ್ರತಿ ಸಲ ಬಲ್ಬಿನ ಎದುರು ಹಿಡಿದು ಸೂಜಿತೂತು ಇದೆಯೇ ನೋಡಿ. ಫೈಂಡರಿಗೂ ಮುಚ್ಚಳ ಹಾಕುವುದನ್ನು ಮರೆಯಬೇಡಿ.

ಫೋಟೋ ಹುಚ್ಚು

ಇದು ಹಿಡಿದರೆ ಬಿಡುವುದಿಲ್ಲ, ದುಡ್ಡೂ ಉಳಿಯುವುದಿಲ್ಲ. ಆದ್ದರಿಂದ ಮೆಟ್ಟಿಲು ಮೆಟ್ಟಿಲಾಗಿ ಹೋಗಿ.

ಮೊದಲ ಮೆಟ್ಟಿಲು ಫೋನ್. ಐಪೀಸಿಗೆ ಫೋನ್ ಬಿಗಿಯುವ ಅಡಾಪ್ಟರ್ ಸಿಗುತ್ತದೆ. 25 ಮಿಮೀ ಐಪೀಸ್ ಹಾಕಿ, ಫೋನಿನ ಮುಖ್ಯ ಕ್ಯಾಮೆರಾವನ್ನೇ ಬಳಸಿ, ಪರದೆ ಮೇಲೆ ಚಂದ್ರನನ್ನು ಮುಟ್ಟಿ ಬೆಳಕು ಕೆಳಗಿಳಿಸಿ, ಮೂರು ಸೆಕೆಂಡಿನ ಟೈಮರ್ ಇಡಿ. ಬೆರಳಿನ ನಡುಕ ಹೋಗುವುದಕ್ಕೆ ಟೈಮರ್.

ಎರಡನೆಯದು ಮನೆಯಲ್ಲಿರುವ ಡಿಎಸ್‌ಎಲ್‌ಆರ್ ಮತ್ತು ಗಟ್ಟಿ ಟ್ರೈಪಾಡ್. 50 ಮಿಮೀ ಎಫ್/1.8 ಲೆನ್ಸನ್ನು ಎಫ್/2.8ಕ್ಕೆ ಇಳಿಸಿ, ಐಎಸ್‌ಒ 1600, ಮಹಾವ್ಯಾಧನ ಕಡೆ ಗುರಿಯಿಟ್ಟು 4 ಸೆಕೆಂಡಿನ 200 ಫೋಟೋ ತೆಗೆಯಿರಿ. ಅದಕ್ಕಿಂತ ಜಾಸ್ತಿ ತೆರೆದಿಟ್ಟರೆ ನಕ್ಷತ್ರಗಳು ಗೆರೆಯಾಗುತ್ತವೆ. 18 ಮಿಮೀ ಲೆನ್ಸಿನಲ್ಲಿ 10, 12 ಸೆಕೆಂಡಿನವರೆಗೆ ಹೋಗಬಹುದು. ಆಮೇಲೆ ಲೆನ್ಸಿಗೆ ಮುಚ್ಚಳ ಹಾಕಿ ಅದೇ ಸೆಟ್ಟಿಂಗಿನಲ್ಲಿ ಒಂದು 30 ಕಪ್ಪು ಫೋಟೋ. ಡೀಪ್‌ಸ್ಕೈಸ್ಟ್ಯಾಕರ್ ಅಥವಾ ಸಿರಿಲ್ ಎಂಬ ಉಚಿತ ಸಾಫ್ಟ್‌ವೇರಿಗೆ ಎಲ್ಲವನ್ನೂ ಹಾಕಿದರೆ ಒಂದರ ಮೇಲೊಂದು ಕೂರಿಸಿ ಕೊಡುತ್ತದೆ. ಕಾಳುಕಾಳಾದ ಗದ್ದಲ ಸವೆದುಹೋಗಿ, ನೆಬ್ಯುಲಾದ ಕೆಂಪು ಬಣ್ಣ ನಿಧಾನವಾಗಿ ಮೇಲೆ ಬರುತ್ತದೆ. ಕಣ್ಣಿಗೆ ಕಾಣದ ಬಣ್ಣ ನಮ್ಮದೇ ಕ್ಯಾಮೆರಾದಲ್ಲಿ ಕಂಡ ಆ ರಾತ್ರಿ ನಾನು ಮಲಗಲಿಲ್ಲ.

ಗ್ರಹಗಳಿಗೆ ಫೋಟೋ ಬೇಡ, ವಿಡಿಯೋ ತೆಗೆಯಿರಿ. ಎರಡು ಮೂರು ನಿಮಿಷದ ವಿಡಿಯೋದಲ್ಲಿ ಗಾಳಿ ಶಾಂತವಾಗಿದ್ದ ಚೂರುಗಳನ್ನಷ್ಟೇ ಆಟೋಸ್ಟ್ಯಾಕರ್ಟ್ ಎಂಬ ಸಾಫ್ಟ್‌ವೇರ್ ಹೆಕ್ಕಿ ಜೋಡಿಸುತ್ತದೆ. ಗುರು ಹತ್ತು ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುತ್ತದೆ, ಎರಡು ಮೂರು ನಿಮಿಷಕ್ಕಿಂತ ಉದ್ದದ ವಿಡಿಯೋ ತೆಗೆದರೆ ಅದರ ಪಟ್ಟೆಗಳೇ ಕಲಸಿಹೋಗುತ್ತವೆ.

ಗೆಲಾಕ್ಸಿ, ನೆಬ್ಯುಲಾಗಳ ಹಿಂದೆ ಬಿದ್ದಾಗ ಮತ್ತೆ ಕಾಲಿನ ವಿಷಯಕ್ಕೇ ಬರುತ್ತೇವೆ. ಆಕಾಶದ ಜೊತೆಗೆ ತಿರುಗುವ ಮೌಂಟ್ ಬೇಕು, ಡಾಬ್ಸೋನಿಯನ್ ಇಲ್ಲಿ ನಡೆಯುವುದಿಲ್ಲ. ಕ್ಯಾಮೆರಾ ಮತ್ತು ಲೆನ್ಸಿಗೆ ಸಣ್ಣ ಸ್ಟಾರ್ ಟ್ರ್ಯಾಕರ್ ಸಾಕು, ಕೊಳವೆ ಏರಿಸುವುದಾದರೆ ಈಕ್ವಟೋರಿಯಲ್ ಮೌಂಟ್. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಇಡಿ. ಮೌಂಟ್ 10 ಕೆಜಿ ಹೊರುತ್ತದೆ ಎಂದು ಬರೆದಿದ್ದರೆ ಫೋಟೋಗೆ 5 ಎಂದು ಓದಿಕೊಳ್ಳಿ.

ಹೊರದೇಶದ ವಿಡಿಯೋಗಳಲ್ಲಿ ಹೇಳದ ಒಂದು ತೊಂದರೆ ನಮಗಿದೆ. ಈ ಮೌಂಟುಗಳ ಅಕ್ಷ ಧ್ರುವ ನಕ್ಷತ್ರದ ಕಡೆಗೆ ನಿಲ್ಲಬೇಕು. ಧ್ರುವ ದಿಗಂತದಿಂದ ನಿಮ್ಮ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ, ಅಂದರೆ ಬೆಂಗಳೂರು ಮಂಗಳೂರುಗಳಲ್ಲಿ 13 ಡಿಗ್ರಿ, ಬೀದರಿನಲ್ಲಿ 18. ಅಷ್ಟು ಕೆಳಗೆ ಇರುವುದು ಧೂಳು ಮತ್ತು ಎದುರುಮನೆಯ ಸಿಂಟೆಕ್ಸ್. ಕೆಲವು ಮೌಂಟುಗಳು 15 ಅಥವಾ 20 ಡಿಗ್ರಿಗಿಂತ ಕೆಳಗೆ ಬಾಗುವುದೇ ಇಲ್ಲ, ಬಾಗಿದರೂ ಸಮತೂಕದ ಗುಂಡು ಹೆಚ್ಚುಕಡಿಮೆ ನೇರ ಕೆಳಗೆ ನೇತಾಡಿ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಎಷ್ಟು ಅಕ್ಷಾಂಶದವರೆಗೆ ಇಳಿಯುತ್ತದೆ? ಧ್ರುವ ಕಾಣದಿದ್ದರೆ ನೀನಾ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಮೂರು ಬಿಂದುಗಳ ವಿಧಾನವಿದೆ. ಆಕಾಶದ ಬೇರೆ ಯಾವುದೋ ಭಾಗದಲ್ಲಿ ಮೂರು ಫೋಟೋ ತೆಗೆದು, ಅಕ್ಷ ಎತ್ತ ಸರಿಯಬೇಕೆಂದು ಹೇಳುತ್ತದೆ.

ಅದೇ 13 ಡಿಗ್ರಿಯಿಂದ ಲಾಭವೂ ಇದೆ. ಲಂಡನ್ನಿನವರಿಗೆ ಎಂದೂ ಉದಯಿಸದ ಒಮೇಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಬೆಂಗಳೂರಿನಲ್ಲಿ ಸುಮಾರು 30 ಡಿಗ್ರಿ ಏರುತ್ತದೆ. ಏಪ್ರಿಲ್, ಮೇ ರಾತ್ರಿಗಳಲ್ಲಿ ದಕ್ಷಿಣಕ್ಕೆ ತಿರುಗಿ, ಕೆಳಗೆ ತ್ರಿಶಂಕು ನಕ್ಷತ್ರಪುಂಜವೂ ಇರುತ್ತದೆ. ತಮಿಳುನಾಡಿನ ಕಾವಲೂರಿನಲ್ಲಿ ವೈನು ಬಪ್ಪು ವೀಕ್ಷಣಾಲಯ ಇರುವ ಜಾಗಕ್ಕೂ ದಕ್ಷಿಣದ ಆಕಾಶ ಚೆನ್ನಾಗಿ ಸಿಗುವ ಈ ಅನುಕೂಲವಿದೆ.

ಇಷ್ಟೆಲ್ಲ ತಾಪತ್ರಯ ಬೇಡ ಎನ್ನುವವರಿಗೆ ಈಗ ಸೀಸ್ಟಾರ್ ಎಸ್50 ತರಹದ ಸ್ಮಾರ್ಟ್ ಟೆಲಿಸ್ಕೋಪುಗಳು ಬಂದಿವೆ. 50 ಮಿಮೀ ಲೆನ್ಸ್, ಒಳಗೇ ಕ್ಯಾಮೆರಾ, ತಾನೇ ಹುಡುಕಿ, ತಾನೇ ಹಿಂಬಾಲಿಸಿ, ಫೋಟೋ ಜೋಡಿಸಿ ಫೋನಿಗೆ ಕಳಿಸುತ್ತದೆ. ಕಣ್ಣಿಟ್ಟು ನೋಡಲು ಜಾಗವೇ ಇಲ್ಲ. ನಾನು ಮೊದಲು ಮೂಗು ಮುರಿದಿದ್ದೆ. ಬೆಂಗಳೂರಿನ ಬಾಲ್ಕನಿಯಿಂದ ಅದು ಅರ್ಧ ಗಂಟೆಯಲ್ಲಿ ತೆಗೆದ ನೆಬ್ಯುಲಾ ನೋಡಿ ಬಾಯಿ ಮುಚ್ಚಿಕೊಂಡೆ. ಗ್ರಹಗಳು ಮಾತ್ರ ಅದರಲ್ಲಿ ಸಾಸಿವೆ ಕಾಳಿನಷ್ಟೇ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶ ಸಿಗುವುದಿಲ್ಲ, ಫಂಗಸ್ ಸಿಗುತ್ತದೆ. ಒಂದು ವರ್ಷ ಸಾಗರದ ಅಮ್ಮನ ಮನೆಯಲ್ಲಿ ಬೈನಾಕ್ಯುಲರನ್ನು ಅದರ ಚರ್ಮದ ಚೀಲದಲ್ಲೇ ಕಪಾಟಿನೊಳಗೆ ಬಿಟ್ಟುಬಂದಿದ್ದೆ. ದಸರಾಕ್ಕೆ ಹೋಗಿ ತೆಗೆದರೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬಿಳಿ ಎಳೆಗಳು. ಗಾಜಿನ ಲೇಪನವನ್ನೇ ತಿಂದಿತ್ತು, ರಿಪೇರಿಯವರು ಕೈಚೆಲ್ಲಿದರು. ಈಗ ಬೈನಾಕ್ಯುಲರ್, ಐಪೀಸುಗಳೆಲ್ಲ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ, ಜೊತೆಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಮತ್ತು ತೇವ ಅಳೆಯುವ ಸಣ್ಣ ಮೀಟರ್. 40ರಿಂದ 50 ಪರ್ಸೆಂಟ್ ಒಳಗಿದ್ದರೆ ಸರಿ. ಜೆಲ್ಲಿನ ಬಣ್ಣ ಬದಲಾದರೆ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆ ಮತ್ತೆ ಒಗ್ಗರಣೆಗೆ ಬೇಡ. ಚರ್ಮದ ಚೀಲ ಬೇರೆ ಕಡೆ ಇಡಿ.

ಟೆಲಿಸ್ಕೋಪಿನ ಕನ್ನಡಿ ಮೇಲೆ ಧೂಳು ಕಂಡರೆ ಬಟ್ಟೆ ಹಾಕಿ ಒರೆಸಬೇಡಿ, ಗೀರು ಬೀಳುತ್ತದೆ. ಸ್ವಲ್ಪ ಧೂಳಿನಿಂದ ನಷ್ಟವೇನಿಲ್ಲ. ಚಳಿಗಾಲದ ಇಬ್ಬನಿ ಲೆನ್ಸ್ ಮೇಲೆ ಕೂತರೂ ಒರೆಸದೆ ಹೇರ್ ಡ್ರೈಯರಿನಿಂದ ದೂರದಿಂದಲೇ ಹದವಾಗಿ ಗಾಳಿ ಬಿಡಿ. ಅಕ್ಟೋಬರ್ ಕೊನೆಗೆ ಮೋಡ ಹರಿದಾಗ ಮೊದಲ ರಾತ್ರಿ ನಾನು ಗ್ರಹ ಹುಡುಕುವುದಿಲ್ಲ. ಒಂದು ಹೊಳೆಯುವ ನಕ್ಷತ್ರವನ್ನು ನಡುವಿಗೆ ತಂದು ಬೇಕೆಂದೇ ಫೋಕಸ್ ಕೆಡಿಸುತ್ತೇನೆ. ನಡುವೆ ಕಪ್ಪು ಚುಕ್ಕೆಯಿರುವ ಉದ್ದಿನ ವಡೆಯ ಹಾಗೆ ಕಾಣಬೇಕು. ವಡೆಯ ತೂತು ಒಂದು ಪಕ್ಕಕ್ಕೆ ಸರಿದಿದ್ದರೆ ಕನ್ನಡಿಯ ಹಿಂದಿನ ಮೂರು ತಿರುಪುಗಳನ್ನು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ ತೂತನ್ನು ನಡುವಿಗೆ ತರುತ್ತೇನೆ. ಅದಾದ ಮೇಲೆ ಮನೆಯವರನ್ನು ಕರೆಯುವುದು.